ಬೆಳಿಗ್ಗೆ ಇಪ್ಪತ್ತಾರು, ಮಧ್ಯಾಹ್ನ ಹತ್ತು

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ಮನುಷ್ಯರೇ ಮಾಡುವುದು ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈ ಉರಿಯುತ್ತದೆ. ಹೇಳಿದವರು ಅತಿಥಿಗಳಾದರೆ ಕಾಫಿ ಕೊಟ್ಟು ಮಾತು ಬದಲಿಸುತ್ತೇನೆ. ನೆಂಟರಾದರೆ ಕಾಫಿಗೂ ಮೊದಲೇ ಜಗಳ ತೆಗೆಯುತ್ತೇನೆ. ಕಾರಣ ಇದೆ, ಕೇಳಿ.

ತೊಂಬತ್ತರ ದಶಕದ ಕೊನೆ. ನಾನು ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬಸವನಗುಡಿಯಲ್ಲಿ ನಮ್ಮ ಪಕ್ಕದ ಮನೆಯ ಶಾಮಣ್ಣನವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಸಾಲಾವಳಿ ನೋಡಿಕೊಡುತ್ತಿದ್ದರು. ಗಂಡು ಹೆಣ್ಣಿನ ಜಾತಕಗಳನ್ನು ಪಕ್ಕಪಕ್ಕ ಇಟ್ಟು, ಮೂವತ್ತಾರಕ್ಕೆ ಎಷ್ಟು ಗುಣ ಕೂಡಿತೆಂದು ಬೆರಳಲ್ಲೇ ಎಣಿಸುವರು. ಹದಿನೆಂಟು ಬಂದರೆ ಪಾಸು. ಅವರು ಕಂಪ್ಯೂಟರ್ ಕೊಂಡಾಗ ಅದಕ್ಕೊಂದು ಸಾಲಾವಳಿ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ನನಗೆ ಜಾತಕದಲ್ಲಿ ನಂಬಿಕೆ ಇಲ್ಲ, ಕೂಡುವ ಲೆಕ್ಕದಲ್ಲಿ ಇದೆ.

ನಮ್ಮ ಮಹಡಿಯ ಮೇಲಿನ ಮನೆಯ ನಳಿನಿಗೆ ಹನುಮಂತನಗರದ ಹುಡುಗನೊಬ್ಬ ಗೊತ್ತಾಗುವುದರಲ್ಲಿದ್ದ. ಹುಡುಗಿ ಒಪ್ಪಿದ್ದಳು. ಒಪ್ಪುವುದೇನು, ಅವನ ಹೆಸರು ಬಂದರೆ ಕಿವಿಯವರೆಗೂ ಕೆಂಪಾಗುತ್ತಿದ್ದಳು. ಅವಳ ತಾಯಿ ಸುಲ್ತಾನ್‌ಪೇಟೆಗೆ ಹೋಗಿ ಲಗ್ನಪತ್ರಿಕೆಯ ಮಾದರಿಗಳನ್ನೂ ತಂದಿದ್ದರು. ಸಾಲಾವಳಿಯೊಂದು ಬಾಕಿ. ಬೆಳಿಗ್ಗೆ ಶಾಮಣ್ಣನವರ ಪರದೆಯ ಮೇಲೆ ಇಪ್ಪತ್ತಾರು ಬಂತು, ಎಲ್ಲರೂ ಸಕ್ಕರೆ ತಿಂದೆವು. ಮಧ್ಯಾಹ್ನ ಹುಡುಗನ ತಂದೆ ಬಂದು, ಪ್ರಿಂಟು ತೆಗೆಸಿಕೊಂಡು, ನೋಡದೆ ಮಡಚಿಕೊಂಡು ಹೋದರು. ಅದರಲ್ಲಿದ್ದದ್ದು ಹತ್ತು! ಮೂರನೆಯ ದಿನ ನಳಿನಿಯ ಜಾತಕ ವಾಪಸು ಬಂತು. ಜಾತಕ ವಾಪಸು ಬಂದರೆ ಏನರ್ಥವೆಂದು ನಮ್ಮ ಕಡೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿ ಊಟ ಬಿಟ್ಟಳು.

"ಸರ್, ನೀವೇ ಒಂದ್ಸಲ ಬೆರಳಲ್ಲಿ ಎಣಿಸಿ ನೋಡ್ಬಾರ್ದಿತ್ತಾ?" ಎಂದೆ.

"ಕಂಪ್ಯೂಟರ್ ಹೇಳಿದ್ಮೇಲೆ ನಾನ್ಯಾವ ಲೆಕ್ಕಾನಮ್ಮ?" ಎಂದರು ಶಾಮಣ್ಣನವರು. ಬಲವಂತ ಮಾಡಿ ಅವರಿಂದಲೇ ಎಣಿಸಿಸಿದೆ, ಇಪ್ಪತ್ತಾರೇ. ಅದನ್ನು ಅವರು ಹುಡುಗನ ತಂದೆಗೆ ಫೋನಿನಲ್ಲಿ ಹೇಳಿದರೆ, "ಕೈಲೆಕ್ಕ ಎಲ್ಲ ಬೇಡ ಸ್ವಾಮಿ, ಪ್ರಿಂಟ್‌ನಲ್ಲೇ ಇದೆಯಲ್ಲ" ಎಂದರಂತೆ. ನಲವತ್ತು ವರ್ಷದ ವಿದ್ಯೆಗಿಂತ ಇಂಕು ದೊಡ್ಡದಾಯಿತು ನೋಡಿ.

ಕಂಪ್ಯೂಟರ್ ಮಾರಿದ ಮಹಾನುಭಾವನನ್ನು ಕರೆಸಿದೆವು. ಜೇಬಿನ ಸ್ಕ್ರೂಡ್ರೈವರ್ ಹೊರಗೆ ತೆಗೆಯಲೂ ಇಲ್ಲ. "ಹಾರ್ಡ್‌ವೇರ್ ಪಕ್ಕಾ ಇದೆ ಮೇಡಂ, ನಿಮ್ ಪ್ರೋಗ್ರಾಮಲ್ಲೇ ಏನೋ ಎಡವಟ್ಟಾಗಿದೆ" ಎಂದು, ಕೊಟ್ಟ ಕಾಫಿ ಕುಡಿದು ಹೋದ. ಎಂಥ ಧೈರ್ಯ! ಹಾಗಂತ ಅವನೊಬ್ಬನೇ ಅಲ್ಲ, ಇಡೀ ಬೀದಿಯೇ ನನ್ನ ಮುಖ ನೋಡಿತು. ನಾನೂ ನನ್ನನ್ನೇ ಅನುಮಾನಿಸಿದೆ. ಎರಡು ದಿನ ರಜೆ ಹಾಕಿ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ, ಮೂವತ್ತಾರರಲ್ಲಿ ನಾಡಿಕೂಟದ ಪಾಲಿನ ಎಂಟು ಗುಣ ಕೊಡುವ ಕಡೆ ಒಂದು ಸಾಲು ಸೊಟ್ಟಗೆ ಕಂಡು ತಿದ್ದಿದೆ. ಬೆಳಿಗ್ಗೆ ಯಂತ್ರ ಹಾಕಿ ನೋಡಿದರೆ ಇಪ್ಪತ್ತಾರು ಬಂತು! ಓಡಿಹೋಗಿ ನಳಿನಿಯ ತಾಯಿಯ ಹತ್ತಿರ "ತಪ್ಪು ನಂದೇ" ಎಂದು ಕ್ಷಮೆ ಕೇಳಿಬಂದೆ. ಮಾರನೆಯ ಮಧ್ಯಾಹ್ನ ನೋಡಿದರೆ ಮತ್ತೆ ಹತ್ತು.

ಆಗ ಹೊಳೆಯಿತು. ಬೆಳಿಗ್ಗೆ ಇಪ್ಪತ್ತಾರು, ಯಂತ್ರ ಕಾದ ಮೇಲೆ ಹತ್ತು. ಪ್ರತಿಸಲವೂ ಹದಿನಾರೇ ಖೋತಾ. ಕಂಪ್ಯೂಟರಿನ ಒಳಗೆ ಅಂಕಿಗಳಿರುವುದು ಉರಿಯುವ, ಆರುವ ದೀಪಗಳ ಸಾಲಿನಂತೆ: ಒಂದರದ್ದು, ಎರಡರದ್ದು, ನಾಲ್ಕರದ್ದು, ಎಂಟರದ್ದು, ಹದಿನಾರರದ್ದು. ಇಪ್ಪತ್ತಾರರಲ್ಲಿ ಹದಿನಾರರ ದೀಪವೊಂದು ಆರಿದರೆ ಉಳಿಯುವುದು ಹತ್ತು. ಬೆರಳುದ್ದದ ಹಸಿರು ಮೆಮೊರಿ ಪಟ್ಟಿಯಲ್ಲಿ ಸಾಸಿವೆಗಿಂತ ಸಣ್ಣ ಒಂದು ಜಾಗ ಬಿಸಿಗೆ ಕೈಕೊಡುತ್ತಿತ್ತು! ಪ್ರೋಗ್ರಾಂ ಸರಿಯಾಗಿಯೇ ಕೂಡಿಟ್ಟದ್ದನ್ನು ಅದು ಸದ್ದಿಲ್ಲದೆ ನುಂಗಿ, ಬೈಗುಳ ಮಾತ್ರ ನನಗೆ ದಾಟಿಸುತ್ತಿತ್ತು. ಬೇರೆ ಪಟ್ಟಿ ಹಾಕಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಇಪ್ಪತ್ತಾರು.

ಶಾಮಣ್ಣನವರು ಹುಡುಗನ ತಂದೆತಾಯಿಯನ್ನು ಬೇಡಿ ಕರೆತಂದರು. ಕಿಟಕಿಯಾಚೆ ನಮ್ಮ ಮನೆಯ ಮೆಟ್ಟಿಲ ಮೇಲೆ ನಳಿನಿ ಕಂಬ ಹಿಡಿದು ನಿಂತಿದ್ದಳು. ಇಪ್ಪತ್ತಾರು ತೋರಿಸಿದೆ. ಹುಡುಗನ ತಂದೆ ಒಪ್ಪದೆ ತಲೆಯಾಡಿಸಿದರು. "ಅವತ್ತು ಹತ್ತು, ಇವತ್ತು ಇಪ್ಪತ್ತಾರು. ಹ್ಯಾಗಮ್ಮ ನಂಬೋದು? ಎಲ್ಲಿ, ನಂದೂ ನಮ್ಮನೆಯವ್ರದೂ ಹಾಕಿ ನೋಡೋಣ."

ಹಾಕಿದೆ. ಪ್ರಿಂಟರು ಕಿರ್ ಕಿರ್ ಎಂದು ಹನ್ನೊಂದು ಎಂದು ಅಚ್ಚಾದ ಕಾಗದ ಹೊರಹಾಕಿತು.

ಪಾಸಿಗೆ ಏಳು ಕಡಿಮೆ! ಆತ ಕಾಗದವನ್ನು ಹತ್ತಿರ, ದೂರ ಹಿಡಿದು ಓದಿದರು. ಅವರ ಹೆಂಡತಿ ಕನ್ನಡಕ ಏರಿಸಿ ಇಣುಕಿ, "ಅಯ್ಯೋ, ಮೂವತ್ತು ವರ್ಷಕ್ಕೆ ಒಂದಾದ್ರೂ ಮಿಷನ್ನು ನಿಜ ಹೇಳ್ತಲ್ಲಪ್ಪ!" ಎಂದು ಬಿದ್ದು ಬಿದ್ದು ನಕ್ಕರು. ಆತನಿಗೂ ನಗು ತಡೆಯಲಾಗಲಿಲ್ಲ. "ಹನ್ನೊಂದ್ರಲ್ಲೇ ನಾವು ಇಷ್ಟು ದೂರ ಬಂದಿದೀವಿ. ಇನ್ನು ಮಕ್ಕಳ ಗುಣ ಏನು ಎಣಿಸೋದು, ಪತ್ರಿಕೆ ಮಾಡಿಸ್ಬಿಡಿ" ಎಂದರು. ಮೆಟ್ಟಿಲ ಮೇಲೆ ಯಾರೋ ಓಡಿದ ಸದ್ದಾಯಿತು.

ಎಲ್ಲರೂ ಹೋದ ಮೇಲೆ ಪ್ರೋಗ್ರಾಂ ತೆರೆದೆ. ಅಂದು ನಾನು ತಿದ್ದಿದ್ದೆನಲ್ಲ, ನಾಡಿಕೂಟದ ಸಾಲು, ಅದು ಮೊದಲು ಸರಿಯಾಗಿಯೇ ಇತ್ತು! ಕೆಡಿಸಿದವಳು ನಾನು. ನಳಿನಿಯ ಜೋಡಿಗೆ ಅದು ತಾಗಿರಲಿಲ್ಲ. ಅವಳ ಅತ್ತೆ ಮಾವನವರಿಗೆ ತಾಗಿ ಎಂಟು ಗುಣ ನುಂಗಿತ್ತು. ಸಾಲನ್ನು ಮೊದಲಿದ್ದಂತೆ ಮಾಡಿ ಮತ್ತೆ ಹಾಕಿದೆ. ಆ ದಂಪತಿಗೆ ಬಂದದ್ದು ಹತ್ತೊಂಬತ್ತು, ಒಳ್ಳೆಯ ಪಾಸು. ಆ ಕಾಗದವನ್ನು ನಾಲ್ಕಾಗಿ ಹರಿದು ಒಲೆಗೆ ಹಾಕಿದೆ. ಅವರಿಗೆ ಇವತ್ತಿನವರೆಗೂ ಹೇಳಿಲ್ಲ, ನೀವೂ ಹೇಳಬೇಡಿ.