ಹೆಂಗಸರು ಹತ್ತಬಾರದ ಬೋಟ್

ನನ್ನ ಗಂಡ ಆ ಶುಕ್ರವಾರ ಹಿಡಿದು ತಂದ ಮೀನು ಸತ್ತು ಎರಡು ದಿನವಾಗಿತ್ತು.

ನೀವು ಸರಿಯಾಗಿಯೇ ಓದಿದಿರಿ. ಬೆಳಿಗ್ಗೆ ಚಾರ್ಟರ್ ಬೋಟ್ ಮಾಡಿಕೊಂಡು ಮಸ್ಕತ್ತಿನ ಕಡಲಿಗೆ ಹೋದವರು ಮಧ್ಯಾಹ್ನ ಐಸ್ ಬಾಕ್ಸ್ ಹೊತ್ತು ಬಂದಿದ್ದರು. ತಲೆಗೆ ಟೋಪಿ, ಕಣ್ಣಿಗೆ ಕೂಲಿಂಗ್ ಗ್ಲಾಸ್, ಮುಖದ ತುಂಬ ಸನ್‌ಸ್ಕ್ರೀನ್. ಅಲ್ ಅಜೈಬಾದ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ ಸುಧಾಕರ, "ನೋಡು, ಅಂಜಲ್! ಎಷ್ಟು ಫೈಟ್ ಕೊಟ್ಟಿತು ಗೊತ್ತುಂಟಾ?" ಎಂದರು. ಹಿಂದೆ ನಿಂತಿದ್ದ ಅವರ ಗೆಳೆಯ ವಿಲ್ಫ್ರೆಡ್ ಹೌದು ಹೌದು ಎಂದು ತಲೆಯಾಡಿಸಿದರು.

ನಾನು ಕಿವಿರು ಎತ್ತಿ ನೋಡಿದೆ. ಕಂದು ಬಣ್ಣ. ಕಣ್ಣು ಒಳಗೆ ಹೋಗಿತ್ತು. ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಮೇಲೇಳಲೇ ಇಲ್ಲ.

"ಯಾವ ಸೂಪರ್ ಮಾರ್ಕೆಟ್ಟಿನಲ್ಲಿ ಫೈಟ್ ಕೊಟ್ಟಿತು?" ಎಂದೆ.

(ಮೀನು ಮಾರುವವಳ ಮಗಳನ್ನು ಕಟ್ಟಿಕೊಂಡವರು ಬೇರೆ ಯಾವ ವಿಷಯದಲ್ಲಾದರೂ ಸುಳ್ಳು ಹೇಳಲಿ. ಮೀನಿನ ವಿಷಯದಲ್ಲಿ ಬೇಡ.)

ಮೊದಲು ಶರಣಾದದ್ದು ವಿಲ್ಫ್ರೆಡ್. ಬೋಟಿನಲ್ಲಿ ಏನೂ ಬೀಳಲಿಲ್ಲವಂತೆ. ಹಿಂದಿನ ಸಲವೂ ಇಲ್ಲ, ಅದರ ಹಿಂದಿನ ಸಲವೂ ಇಲ್ಲ. ನಾನು ಮತ್ತು ಅವರ ಹೆಂಡತಿ ಐರಿನ್ ಮನೆಯಲ್ಲಿ ಮಸಾಲೆ ಅರೆದು ಕಾಯುತ್ತಿರುತ್ತೇವಲ್ಲ, ಖಾಲಿ ಕೈಯಲ್ಲಿ ಬರಲು ಮುಖವಿರಲಿಲ್ಲವಂತೆ.

"ಸರಿ, ಮುಂದಿನ ಸಲ ನಾನೂ ಬರ್ತೇನೆ" ಎಂದೆ.

ಇಬ್ಬರೂ ನಾನು ವಿಮಾನ ಓಡಿಸುತ್ತೇನೆ ಎಂದಂತೆ ನೋಡಿದರು. "ಹೆಂಗಸರು ಬೋಟ್ ಹತ್ತುವುದಾ? ಎಂತ ಮಾರಾಯ್ತಿ ನೀನು!" ಎಂದರು ಸುಧಾಕರ.

ಅವರು ಲಾಜಿಸ್ಟಿಕ್ಸ್ ಕಂಪನಿಯ ಮ್ಯಾನೇಜರ್. ಅವರ ಅಜ್ಜ ಕಡಲಿಗೆ ಹೋಗುತ್ತಿದ್ದರು, ಇವರು ಬಲೆ ಮುಟ್ಟಿದವರೂ ಅಲ್ಲ. ಆದರೂ ಅಜ್ಜನ ಈ ಒಂದು ನಿಯಮ ಮಾತ್ರ ಒಮಾನಿನವರೆಗೆ ಬಂದಿದೆ. ಪದ್ಧತಿಗಳಿಗೆ ವೀಸಾ ಬೇಡ, ವೀಸಾ ಕೊಡಿಸುವ ಕಫೀಲ್ ಬೇಡ, ನೋಡಿ.

ನನ್ನ ಮನೆಯಲ್ಲಾದರೂ ಬೇರೇನಿತ್ತು? ಹೆಜಮಾಡಿಯ ಕಡಲ ಬದಿಯಲ್ಲಿ ಹುಟ್ಟಿದ ಮೊಗವೀರರ ಹುಡುಗಿ ನಾನು. ಅಮ್ಮ ಬೆಳಕು ಹರಿಯುವ ಮೊದಲೇ ದಡದಲ್ಲಿ ಬುಟ್ಟಿ ಇಟ್ಟುಕೊಂಡು ದೋಣಿಗಳಿಗೆ ಕಾಯುತ್ತಿದ್ದಳು. ತಲೆ ಮೇಲೆ ಮೀನು ಹೊತ್ತು ಮನೆಮನೆಗೆ ಮಾರುತ್ತಿದ್ದಳು. ನನ್ನ ಬಿ.ಕಾಂ., ಮಸ್ಕತ್ತಿನ ಖುರುಮಿನಲ್ಲಿರುವ ಆಫೀಸಿನ ಈ ಎಸಿ ಕುರ್ಚಿ, ಎಲ್ಲ ಆ ಬುಟ್ಟಿಯಿಂದ ಬಂದದ್ದು. ಆದರೆ ದೋಣಿ? ಮರಳ ಮೇಲೆ ಎಳೆದಿಟ್ಟಿದ್ದ ದೋಣಿಗೆ ಚಿಕ್ಕಂದಿನಲ್ಲಿ ಒಮ್ಮೆ ಕೈ ಇಟ್ಟಿದ್ದಕ್ಕೆ ಮಾವ ಅಟ್ಟಿಸಿಕೊಂಡು ಬಂದಿದ್ದರು. ಹೆಂಗಸು ಮುಟ್ಟಿದರೆ ಆ ದೋಣಿಗೆ ಮೀನು ಬೀಳುವುದಿಲ್ಲವಂತೆ. ಮೀನು ಮಾರಬಹುದು, ಕೊಯ್ಯಬಹುದು, ಒಣಗಿಸಬಹುದು, ಬೇಯಿಸಬಹುದು. ಹಿಡಿಯುವ ಜಾಗಕ್ಕೆ ಮಾತ್ರ ಪ್ರವೇಶವಿಲ್ಲ. ಇದು ಯಾವ ಸೀಮೆಯ ನ್ಯಾಯ?

ಈ ಕಥೆಯನ್ನು ಆಫೀಸಿನಲ್ಲಿ ನಮ್ಮ ಬ್ರಿಟಿಷ್ ಮ್ಯಾನೇಜರ್‌ಗೆ ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. ಅವರೂರಿನಲ್ಲಿ ಕಾಡ್, ಹ್ಯಾಡಕ್ ಹಿಡಿಯಲು ಚಾರ್ಟರ್ ಬೋಟ್ ಹೋಗುತ್ತದಂತೆ. ಅವರ ಅಮ್ಮ ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಎಲ್ಲರಿಗಿಂತ ಮೊದಲೇ ಹತ್ತಿ ಕೂರುತ್ತಾರಂತೆ. (ಕಾಡ್, ಹ್ಯಾಡಕ್ ಎಂದರೆ ತಣ್ಣನೆಯ ಕಡಲಿನ ಬಿಳಿ ಮೀನುಗಳು. ಹೋಟೆಲಿನಲ್ಲಿ ತಿಂದಿದ್ದೇನೆ. ಹುಳಿ ಇಲ್ಲ, ಖಾರ ಇಲ್ಲ, ಪಾಪ.) ಅವರ ಅಮ್ಮನಿಂದ ಓಡಿಹೋಗದ ಮೀನು ನನ್ನನ್ನು ಕಂಡರೆ ಯಾಕೆ ಓಡಬೇಕು?

ಹೋಗುವುದೇ ಎಂದು ನಿರ್ಧರಿಸಿದೆ. ಸೂಪರ್ ಮಾರ್ಕೆಟ್ಟಿನ ಮೀನಿನ ಕಥೆಯನ್ನು ಊರಿಗೆಲ್ಲ ಹೇಳುತ್ತೇನೆ ಎಂದ ಮೇಲೆ ಸುಧಾಕರರೂ ಒಪ್ಪಲೇಬೇಕಾಯಿತು.

ಐರಿನ್ ಹುರಿದುಂಬಿಸಿದಳು, ಜೊತೆಗೆ ಹೆದರಿಸಿದಳು ಕೂಡ. "ನೀನು ಹೋದ್ರೆ ನಾಳೆ ನಾವೆಲ್ಲ ಹೋಗ್ಬಹುದು. ಆದ್ರೆ ಮೀನಿಲ್ಲದೆ ಬಂದಿಯಾ, ಖಲಾಸ್! ಇನ್ನು ಯಾವ ಹೆಂಗಸನ್ನೂ ಇವರು ಹತ್ತಿಸ್ಲಿಕ್ಕಿಲ್ಲ. ಸಾಯುವವರೆಗೆ ನಿನ್ನ ಹೆಸರು ಹೇಳ್ತಾರೆ."

ಅಮ್ಮ ಫೋನಿನಲ್ಲಿ ನೇರವಾಗಿ ಬೇಡ ಎಂದಳು. "ನಮಗೆ ಅದೆಲ್ಲ ಆಗ್ಲಿಕ್ಕಿಲ್ಲ ಮಗಾ. ಮೀನು ಬೀಳದಿದ್ರೆ ನಿನ್ನ ತಲೆಗೇ ಕಟ್ತಾರೆ."

ಇಬ್ಬರೂ ಹೇಳಿದ್ದು ನಿಜ. ಮೂರು ಸಲ ಗಂಡಸರು ಬರಿಗೈಯಲ್ಲಿ ಬಂದರೆ ಅದು ಬ್ಯಾಡ್ ಲಕ್. ನಾನು ಹೋದ ದಿನ ಬರಿಗೈಯಾದರೆ ಅದು ನಾನು. ನನಗೆ ಒಂದೇ ಒಂದು ಮೀನು ಬೇಕಿತ್ತು, ಅದೂ ನನ್ನ ಕೈಯಿಂದಲೇ.

ಬೋಟಿನ ಕ್ಯಾಪ್ಟನ್ ಸಾಲಿಂ, ಸೂರ್ ಕಡೆಯ ಒಮಾನಿ. ನಮ್ಮೊಂದಿಗೆ ಮಾತೆಲ್ಲ ಹಿಂದಿಯಲ್ಲಿ. ಹತ್ತುವ ಮೊದಲೇ ಕೇಳಿಬಿಟ್ಟೆ: ಹೆಂಗಸರು ಹತ್ತಿದರೆ ಮೀನು ಬೀಳುವುದಿಲ್ಲವಂತೆ, ಹೌದಾ? ಅವನು ಸುಧಾಕರರನ್ನೂ ವಿಲ್ಫ್ರೆಡ್‌ರನ್ನೂ ಒಮ್ಮೆ ನೋಡಿ, "ಬೋಟಿನ ಮೇಲೆ ಯಾರಿದ್ದಾರೆ ಅಂತ ಮೀನಿಗೆ ಹೇಗೆ ಗೊತ್ತಾಗ್ತದೆ ಮೇಡಂ? ಯಲ್ಲಾ, ಹತ್ತಿ" ಎಂದ.

ಹತ್ತಿದೆ. ಮೊದಲ ಅರ್ಧ ಗಂಟೆಯಲ್ಲೇ ವಾಂತಿ ಮಾಡಿದೆ. ಕಡಲ ಮಗಳಂತೆ ಕಡಲ ಮಗಳು! ದೋಣಿ ಹತ್ತದೆ ಬೆಳೆದವಳ ಹೊಟ್ಟೆಗೆ ಕಡಲು ಎಲ್ಲಿ ಅಭ್ಯಾಸವಿರಬೇಕು?

"ವಾಪಸ್ ಹೋಗುವನಾ?" ಎಂದರು ಸುಧಾಕರ. ದನಿಯಲ್ಲಿ ಕಾಳಜಿ ಇತ್ತು, ಸುಳ್ಳು ಹೇಳಬಾರದು.

"ಇಲ್ಲ" ಎಂದೆ. ಬಾಯಿ ತೊಳೆದುಕೊಂಡು ಮತ್ತೆ ನನ್ನ ಗಾಳದ ರಾಡಿನ ಪಕ್ಕ ಕುಳಿತೆ.

ಬೋಟ್ ನಿಧಾನವಾಗಿ ಓಡುತ್ತಿತ್ತು. ಹಿಂದೆ ಗಾಳಗಳನ್ನು ನೀರಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಬಿಸಿಲು ಏರಿತು. ಒಂದೂ ಕಚ್ಚಲಿಲ್ಲ. ಗಂಡಸರು ಬುತ್ತಿ ಬಿಚ್ಚಿದರು. "ಇವತ್ತು ಎಂತದೋ ಸರಿ ಇಲ್ಲ" ಎಂದರು ವಿಲ್ಫ್ರೆಡ್, ನನ್ನ ಮುಖ ನೋಡದೆ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾವ ಸಿಟ್ಟಿಗೂ ಮೀನು ಕಚ್ಚುವುದಿಲ್ಲ ಎನ್ನುವುದು ಬೇರೆ ಮಾತು.

ಇನ್ನೇನು ಬೋಟ್ ತಿರುಗಿಸಬೇಕು, ನನ್ನ ರಾಡಿನ ದಾರದ ರೀಲ್ ಕಿರ್ರೆಂದು ಕೂಗಿಕೊಂಡಿತು.

ಎರಡೂ ಕೈಯಲ್ಲಿ ರಾಡ್ ಹಿಡಿದು ಬಲವೆಲ್ಲ ಹಾಕಿ ಎಳೆದೆ. "ಛೋಡೋ, ಮೇಡಂ, ಛೋಡೋ!" ಎಂದು ಸಾಲಿಂ ಕಿರುಚಿದ. ಬಿಡುವುದಾ? ಕೈಗೆ ಬಂದ ಮೀನನ್ನು ಬಿಟ್ಟುಕೊಡುವುದು ಮೀನು ಮಾರುವವರ ಮನೆಯಲ್ಲಿ ಉಂಟಾ? ದಾರ ಕಡಿಯುವ ಹಾಗೆ ಬಿಗಿಯಿತು. ಆಗ ಸಾಲಿಂ ಪಕ್ಕಕ್ಕೆ ಬಂದು ಹೇಳಿಕೊಟ್ಟ. ಅದು ಓಡುವಾಗ ಬಿಡಬೇಕು, ಸುಸ್ತಾದಾಗ ಸುತ್ತಬೇಕು. ಹಾಗೇ ಮಾಡಿದೆ. ಓಡಿತು, ಬಿಟ್ಟೆ. ನಿಂತಿತು, ಸುತ್ತಿದೆ. ರಾಡಿನ ಬುಡವನ್ನು ಹೊಟ್ಟೆಗೆ ಒತ್ತಿ ಹಿಡಿದೆ.

ಸುಧಾಕರ ಎದ್ದು ಬಂದು ರಾಡಿಗೆ ಕೈ ಹಾಕಿದರು. "ಕೊಡು ಕೊಡು, ನಿನಗೆ ಆಗ್ಲಿಕ್ಕಿಲ್ಲ."

"ಕೈ ತೆಗೀರಿ!"

ಇಷ್ಟು ವರ್ಷಗಳ ಸಂಸಾರದಲ್ಲಿ ನಾಲ್ಕು ಜನರೆದುರು ನಾನು ಅವರಿಗೆ ಹಾಗೆ ಕೂಗಿದ್ದಿಲ್ಲ. ಅವರು ಕೈ ತೆಗೆದರು. ಮತ್ತೆ ಸ್ವಲ್ಪ ಹೊತ್ತಿಗೆ, ನಾನು ಬೀಳದ ಹಾಗೆ ಹಿಂದಿನಿಂದ ನನ್ನ ಲೈಫ್ ಜಾಕೆಟ್ ಹಿಡಿದುಕೊಂಡು ನಿಂತರು. ಅದನ್ನು ಬಿಡಿ ಎನ್ನಲಿಲ್ಲ ನಾನು.

ಅಂಜಲ್! ಬೆಳ್ಳಿ ಬಣ್ಣ, ನನ್ನ ತೋಳಿಗಿಂತ ಉದ್ದ. ಸಾಲಿಂ ಕೊಕ್ಕೆ ಹಾಕಿ ಒಳಗೆಳೆದು, ಇಟ್ಟುಕೊಳ್ಳಬಹುದಾದಷ್ಟು ಉದ್ದ ಇದೆಯೇ ಎಂದು ಅಳತೆ ಹಲಗೆಯ ಮೇಲಿಟ್ಟು ನೋಡಿ ತಲೆಯಾಡಿಸಿದ. ನಾನು ಕೂತಲ್ಲೇ ಅತ್ತೆ. ಖುಷಿಗೇ ಅತ್ತೆ. ವಿಲ್ಫ್ರೆಡ್ ನೀರಿನ ಬಾಟಲಿ ಮುಂದೆ ಹಿಡಿದರು. ದಡ ಮುಟ್ಟುವ ಮೊದಲೇ ಐರಿನ್‌ಗೆ ಫೋಟೊ ಹೋಗಿತ್ತು. ಅವಳು ಮುಂದಿನ ಟ್ರಿಪ್ಪಿಗೆ ತನ್ನ ಹೆಸರು ಕೊಟ್ಟೂ ಆಗಿತ್ತು.

ಮನೆಗೆ ಬಂದು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಮೀನನ್ನು ಫೋನಿನ ಎದುರು ಹಿಡಿದರೆ, "ಕಿವಿರು ತೋರ್ಸು" ಎಂದಳು. ತೋರಿಸಿದೆ. ಕೆಂಪಗಿತ್ತು. ಅವಳು ಬೈಯಲಿಲ್ಲ, ಶಭಾಷ್ ಎನ್ನಲೂ ಇಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, ಯಾರಿಗೂ ಕೇಳಿಸಬಾರದು ಎನ್ನುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಕಡಲಿನಿಂದ ನೋಡಿದ್ರೆ ದಡ ಹೇಗೆ ಕಾಣ್ತದೆ ಮಗಾ?"

ಇಡೀ ದಿನ ರಾಡಿನ ತುದಿಯನ್ನು ದಿಟ್ಟಿಸಿದ್ದೇ ಬಂತು. ದಡವನ್ನು ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ. ಜೀವಮಾನವೆಲ್ಲ ದಡದಲ್ಲಿ ನಿಂತು ಕಡಲನ್ನೇ ನೋಡಿದವಳು ಕೇಳಿದ್ದು ಅದೊಂದೇ ಪ್ರಶ್ನೆ. ಹತ್ತಬೇಡ ಎಂದು ನನ್ನನ್ನು ತಡೆದವಳ ಮನಸ್ಸಿನಲ್ಲೇ ಅದು ಎಷ್ಟು ವರ್ಷದಿಂದ ಇತ್ತೋ!

ಅಮ್ಮನ ವಿಸಿಟ್ ವೀಸಾಕ್ಕೆ ಅರ್ಜಿ ಹಾಕಿದ್ದೇನೆ. ಸಾಲಿಂನ ಬೋಟ್ ಕೂಡ ಬುಕ್ ಆಗಿದೆ. ಈ ಸಲ ರಾಡ್ ಬೇಡ, ದಡ ನೋಡಲು ಬರುತ್ತೇವೆ ಎಂದಾಗ ಅವನು ನಕ್ಕ, ನಗಲಿ. ಅಮ್ಮ ಮೊದಲು ಬೇಡ ಎನ್ನುತ್ತಾಳೆ, ಗೊತ್ತು. ಹತ್ತಿಸಿಯೇ ಹತ್ತಿಸುತ್ತೇನೆ.

ಆದರೆ ಅಲ್ಲಿ ಅವಳಿಗೆ ಕಾಣುವುದು ಮಸ್ಕತ್ತಿನ ಬೋಳು ಗುಡ್ಡಗಳು, ಅವಳು ಬುಟ್ಟಿ ಇಟ್ಟುಕೊಂಡು ಕಾದ ಮರಳಲ್ಲ. ಊರಿನಲ್ಲಿ ನನ್ನ ಅಣ್ಣನಿಗೆ ಸ್ವಂತ ಬೋಟ್ ಇದೆ. ಅದರ ಮುಂಭಾಗದಲ್ಲಿ ಕೆಂಪು ಅಕ್ಷರಗಳಲ್ಲಿ ಬರೆಸಿರುವುದು ಅಮ್ಮನದೇ ಹೆಸರು.

ಅಣ್ಣಾ, ಈ ಅಂಕಣ ನೀನು ಓದುತ್ತೀ ಎಂದು ನನಗೆ ಗೊತ್ತು. ಹೆಸರು ಹತ್ತಿಸಿದ್ದಾಯಿತು, ಅವಳನ್ನು ಯಾವಾಗ ಹತ್ತಿಸುತ್ತೀ?