ಹಾಡು ಮುಗಿಯಲೆಂದು ಕಾದ ಸೈರನ್

ಪಂಪಾಪತಿಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸಂಡೂರಿನ ಕೆಂಪು ಧೂಳಿಗೆ ಬಂಗಾರದ ಬೆಲೆಯಿದ್ದ ಕಾಲ. ಅಲ್ಲಿಯ ಒಂದು ಗಣಿಗೆ ಲಿನಕ್ಸ್ ಕಂಪ್ಯೂಟರಿನಲ್ಲಿ ಸೈರನ್ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ದಿನಾ ಗೊತ್ತಾದ ಹೊತ್ತಿಗೆ ಗುಡ್ಡ ಸಿಡಿಸುತ್ತಿದ್ದರು; ಅದಕ್ಕೆ ಹತ್ತು ನಿಮಿಷ ಮೊದಲು ಮೈಕ್‌ಸೆಟ್ಟಿನಲ್ಲಿ ಅದು ತಾನಾಗಿಯೇ ಕೂಗಬೇಕು. ಅಲ್ಲಿಯವರೆಗೆ ಬಾಯಲ್ಲೇ ಕೂಗುತ್ತಿದ್ದ ಈರಣ್ಣನಿಗೆ, "ಇನ್ನ ಗಂಟಲಿಗೆ ರಜಾ ಕೊಡ್ರಿ" ಅಂದೆ.

ಮೊದಲ ದಿನವೇ ನನ್ನ ಪ್ರತಾಪ ಗಣಿಗೆಲ್ಲ ಗೊತ್ತಾಗಲೆಂದು ಅದೇ ಕಂಪ್ಯೂಟರಿನಿಂದ ಅದೇ ಮೈಕಿನಲ್ಲಿ ಒಂದರ ಹಿಂದೊಂದು ಹಾಡು ಹಚ್ಚಿ ಕೂತೆ. ಆ ಕಂಪ್ಯೂಟರಿನಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಸದ್ದು ಮಾಡಬಹುದಿತ್ತು. ಸೈರನ್ ಪಾಪ, ಹಾಡು ಮುಗಿಯಲೆಂದು ಮರ್ಯಾದೆಯಿಂದ ಕಾಯುತ್ತಿತ್ತು.

ಈರಣ್ಣ ಗಡಿಯಾರ ನೋಡಿದವನೇ ಕಿರುಚುತ್ತ ಕೆಳಗೆ ಓಡಿದ. ಅದಿರು ಆರಿಸುತ್ತಿದ್ದ ಹೆಂಗಸರು ಆಚೆ ಸೇರಿದ್ದೇ ತಡ, ಗುಡ್ಡ ಸಿಡಿಯಿತು. ಹಾಡು ನಿಲ್ಲಿಸಿದೆ. ಆಗ ಸೈರನ್ ಹೊಯ್ಕೊಳ್ಳತೊಡಗಿತು.

"ಭಾಳ ಜಲ್ದಿ ಕೂಗ್ತದಲ್ರಿ ಸರ ನಿಮ್ಮ ಮಷೀನು," ಅಂದ ಈರಣ್ಣ, ಏದುಸಿರು ಬಿಡುತ್ತ. "ನನ್ನ ಹೆಂಡ್ತಿನೂ ಅಲ್ಲೇ ಇದ್ಲರಿ." ಅಂದವನು ನಕ್ಕುಬಿಟ್ಟ.



ಇದರಲ್ಲಿ ಒಂದೇ ಒಂದು ಸಣ್ಣ ವಿಷಯ ನಾನು ಕಟ್ಟಿದ್ದು. ಈರಣ್ಣ ನಗಲಿಲ್ಲ.