ಮಲ್‌ಸುನ್ ಅಕ್ಕ ನಂಬಿದ ಪುಡಿ

ನಮ್ಮ ಇಕ್ಸಾನ್ ಊರಿನ ಮಾರುಕಟ್ಟೆಯ ಹಿಂದಿದ್ದ ಆ ಮಳಿಗೆಗೆ ನಾನು ಹೋಗುತ್ತಿದ್ದದ್ದು ಪುಕ್ಕಟೆ ಮೊಟ್ಟೆಗೆ. ಸುಳ್ಳೇಕೆ ಹೇಳಲಿ? ಮುದುಕಿಯರನ್ನೆಲ್ಲ ಕೂರಿಸಿ, ಹಾಡಿ, ನಗಿಸಿ, ಕೈಗೆ ಮೊಟ್ಟೆ ಕೊಟ್ಟು, ಆಮೇಲೆ ಆರೋಗ್ಯದ ಪುಡಿ ಮಾರುವ ಜಾಗ ಅದು. ಪಕ್ಕದ ಮನೆಯ ಮಲ್‌ಸುನ್ ಅಕ್ಕ ಮಾತ್ರ ಹೋಗುತ್ತಿದ್ದದ್ದು ಪುಡಿ ಮಾರುವ ಟೇಗ್ಯುಗಾಗಿ. ಅವನೋ, ಬಾಯಿ ತೆರೆದರೆ ಬೆಣ್ಣೆ. "ಅಮ್ಮಾ, ಇವತ್ತು ಹೊಟ್ಟೆ ಹೆಂಗಿದೆ?" ಎಂದು ಮಂಡಿ ನೀವುತ್ತಾ ಕೇಳಿದರೆ ಅಕ್ಕ ಕರಗಿ ನೀರಾಗುತ್ತಿದ್ದಳು.

ಅಕ್ಕನಿಗೆ ಕರುಳಿನಲ್ಲಿ ಹಳೆಯ ಹುಣ್ಣು. ಆಸ್ಪತ್ರೆಯ ಮಾತ್ರೆ ನುಂಗಿದರೆ ಹತೋಟಿ, ಬಿಟ್ಟರೆ ಕಕ್ಕಸಿಗೆ ಓಟ. ಬಸ್ಸು ಹತ್ತಲೂ ಅಂಜುತ್ತಿದ್ದಳು. ಆ ವಸಂತದಲ್ಲಿ ದೂರದ ಬುಸಾನ್‌ನಲ್ಲಿ ಮೊಮ್ಮಗಳು ಯೆರಿನ್‌ಳ ಮದುವೆ. ತಾಯಿಯಿಲ್ಲದ ಮಗುವನ್ನು ಸಾಕಿದವಳು ಅಕ್ಕನೇ. ಮದುವೆ ಶುರುವಾಗುವ ಮೊದಲು ಎರಡೂ ಕಡೆಯ ತಾಯಂದಿರು ಮೋಂಬತ್ತಿ ಹಚ್ಚಬೇಕಲ್ಲ, ಹೆಣ್ಣಿನ ಕಡೆಯದನ್ನು ಅಜ್ಜಿಯೇ ಹಚ್ಚಬೇಕೆಂದು ಯೆರಿನ್ ಹಟ ಹಿಡಿದಿದ್ದಳು.

"ಈ ಪುಡೀಲಿ ಮೊಸರಲ್ಲಿರೋ ಹಂಗೆ ಹೊಟ್ಟೆಗೆ ಬೇಕಾದ ಒಳ್ಳೇ ಕ್ರಿಮಿಗಳಿವೆ ಅಮ್ಮಾ. ಗುನ್ಸಾನ್‌ನಲ್ಲಿರೋ ನಮ್ಮಮ್ಮನಿಗೂ ಇದನ್ನೇ ಕೊಡೋದು," ಎಂದ ಟೇಗ್ಯು. "ಆದ್ರೆ ಆಸ್ಪತ್ರೆ ಮಾತ್ರೆ ಜೊತೆಗೆ ತಗೊಂಡ್ರೆ ಅವೆಲ್ಲ ಸತ್ತೋಗ್ತವೆ. ಮಾತ್ರೆ ನಿಲ್ಸಿಬಿಡಿ. ಮದುವೇಲಿ ಕುಣೀತೀರಿ ನೋಡಿ!"

"ಡಾಕ್ಟರನ್ನ ಒಂದ್ಮಾತು ಕೇಳೇ ಅಕ್ಕಾ," ಎಂದೆ ನಾನು.

"ಡಾಕ್ಟರು ಕಂಪ್ಯೂಟರ್ ನೋಡ್ಕೊಂಡು ಮಾತಾಡ್ತಾನೆ. ಇವನು ನನ್ನ ಮುಖ ನೋಡ್ತಾನೆ. ನಿಂಗೇನೇ ಹೊಟ್ಟೆಕಿಚ್ಚು?"

ಅವತ್ತೇ ಮಾತ್ರೆ ಬಿಟ್ಟು ಪುಡಿ ಶುರುಮಾಡಿದಳು. ಮೊದಮೊದಲು ಅಕ್ಕ ನಿಜಕ್ಕೂ ಗೆಲುವಾಗಿದ್ದಳು. ಟೇಗ್ಯು ಅವಳ ಕೈಗೆ ಮೈಕ್ ಕೊಟ್ಟ. ಎಲ್ಲರ ಮುಂದೆ ನಿಂತು "ನನ್ನ ಹೊಟ್ಟೆ ವಾಸಿಯಾಯ್ತು" ಎಂದಳು. ಬೀದಿಯ ಹೆಂಗಸರೆಲ್ಲ ಮುಗಿಬಿದ್ದು ಪುಡಿ ಕೊಂಡರು. ಆ ಖುಷಿಗೆ ಅಕ್ಕ, ಚಳಿಗಾಲಕ್ಕೆ ಮುಂಚೆ ನಾವೆಲ್ಲ ಕೂಡಿ ಹಾಕಿದ ಕೋಸಿನ ಉಪ್ಪಿನಕಾಯಿ ಕಿಮ್ಚಿಯಲ್ಲಿ ಒಂದು ಜಾಡಿಯನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, "ನಿಮ್ಮಮ್ಮನಿಗೆ ಕೊಡಪ್ಪ" ಎಂದು ಅವನ ಕೈಗಿಟ್ಟಳು.

ಮದುವೆಯ ದಿನ ನೆಂಟರಿಷ್ಟರೆಲ್ಲ ಒಂದೇ ಬಸ್ಸಿನಲ್ಲಿ ಹೊರಟೆವು. ಅಕ್ಕನ ಮೈಮೇಲೆ ತಿಳಿಗುಲಾಬಿ ಹನ್‌ಬೊಕ್, ಮದುವೆ-ಹಬ್ಬಕ್ಕೆಂದು ಉಡುವ ಉದ್ದ ಲಂಗದ ಉಡುಪು. ಅರ್ಧ ದಾರಿಗೆ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಚಾಲಕ ಬಸ್ಸು ನಿಲ್ಲಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಲಂಗದಲ್ಲಿ ರಕ್ತವೂ ಇತ್ತು. ನಾನು ಅವಳ ಜೊತೆ ಇಳಿದೆ.

"ನೀವು ಹೋಗ್ರಪ್ಪಾ, ಮಗು ಕಾಯ್ತಿರುತ್ತೆ," ಎಂದು ಅವಳೇ ಬಸ್ಸನ್ನು ಕಳಿಸಿದಳು. ಬುಸಾನ್‌ನಲ್ಲಿ ಮೋಂಬತ್ತಿಯನ್ನು ಯಾರೋ ಚಿಕ್ಕಮ್ಮ ಹಚ್ಚಿದಳಂತೆ.

ಊರಿಗೆ ಮರಳಿ ನಮ್ಮ ಆಸ್ಪತ್ರೆಗೆ ಹೋದರೆ ಡಾಕ್ಟರು ಬೈಯಲಿಲ್ಲ. ಈ ಸಲ ಕಂಪ್ಯೂಟರನ್ನೂ ನೋಡಲಿಲ್ಲ. "ಕೆಲವು ಕಾಯಿಲೆಗೆ ಕೆಲವು ಕ್ರಿಮಿಗಳು ಒಂದಿಷ್ಟು ಸಹಾಯ ಮಾಡ್ತವೆ ಅಜ್ಜಿ, ಇಲ್ಲ ಅನ್ನಲ್ಲ. ಆದ್ರೆ ಯಾವುದು ಯಾರಿಗೆ ಅಂತ ಜನರಿಗೆ ಕೊಟ್ಟು ಪರೀಕ್ಷೆ ಮಾಡಿರ್ಬೇಕು. ಮಾತ್ರೆ ಬಿಡಿ ಅನ್ನೋಕೆ ಅವನ್ಯಾರು? ಆ ಪುಡಿ ಕೆಲಸ ಮಾಡುತ್ತೆ ಅನ್ನೋದಕ್ಕೆ ಏನು ಸಾಕ್ಷಿ ಇತ್ತು?"

ಅಕ್ಕ ತಲೆ ತಗ್ಗಿಸಿದಳು. "ನಾನೇ ಕಣಪ್ಪ ಸಾಕ್ಷಿ. ಮೈಕಲ್ಲಿ ಹೇಳಿದ್ನಲ್ಲ."

ಆ ಟೇಗ್ಯುವಿನ ಮುಖಕ್ಕೆ ಉಗಿಯಲೇಬೇಕೆಂದು ಅಕ್ಕನನ್ನು ಕರೆದುಕೊಂಡು ಮಳಿಗೆಗೆ ಹೋದೆ. ಎಲ್ಲಿಯ ಟೇಗ್ಯು! ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ್ದ. ಕಟ್ಟಡದ ಯಜಮಾನ ಕಸ ಗುಡಿಸುತ್ತಿದ್ದ. ಮೂಲೆಯ ಕಸದ ರಾಶಿಯಲ್ಲಿ ಹಳದಿ ಬಟ್ಟೆಯ ಗಂಟು. ಅಕ್ಕ ಕಟ್ಟಿದ್ದು ಹಾಗೇ ಇತ್ತು, ಬಿಚ್ಚಿರಲೇ ಇಲ್ಲ.

"ಅವರಮ್ಮನಿಗೆ ಕೊಡ್ಲೇ ಇಲ್ಲ ಕಣೇ," ಎಂದಳು.

"ಅಯ್ಯೋ, ಅಮ್ಮ ಅಂತ ಒಬ್ಬಳಿದ್ರೆ ತಾನೇ ಅಕ್ಕಾ!"

ಬಸ್ಸಿನಲ್ಲಿ ಅಳದವಳು, ಆಸ್ಪತ್ರೆಯಲ್ಲೂ ಅಳದವಳು, ಅಲ್ಲೇ ಕಸದ ಪಕ್ಕ ಕುಕ್ಕರಿಸಿ ಗಂಟನ್ನು ಮಡಿಲಿಗೆಳೆದುಕೊಂಡು ಬಿಕ್ಕಿದಳು.

"ಯೆರಿನ್ ಹೊಸ ಮನೆಗೆ ಅಂತ ಎತ್ತಿಟ್ಟಿದ್ದ ಜಾಡಿ ಕಣೇ ಇದು."